ಕಣ್ಣಿಗೆ ಸರಿ, ಕಿವಿಗೆ ತಪ್ಪು: ಕನ್ನಡ ಶೈಕ್ಷಣಿಕ ಜಾಲತಾಣಗಳ ಸುಗಮ್ಯತಾ ಪರಿಶೀಲನೆಯ ಭಾಷಿಕ ವಿಮರ್ಶೆ

ಸಾರಾಂಶ

ಶೈಕ್ಷಣಿಕ ಜಾಲತಾಣಗಳು ವಿಕಲಚೇತನರ ಬಳಕೆಗೆ ಒದಗುತ್ತವೆಯೇ ಎಂಬ ಪರಿಶೀಲನೆಯನ್ನು ಇಂದು ಬಹುಮಟ್ಟಿಗೆ ತಂತ್ರಜ್ಞರ ಕೆಲಸವೆಂದೇ ಭಾವಿಸಲಾಗಿದೆ. ಕನ್ನಡ ಪುಟಗಳ ಮಟ್ಟಿಗೆ ಈ ಭಾವನೆ ಅಪೂರ್ಣವೆಂದು ಪ್ರಸ್ತುತ ಲೇಖನವು ವಾದಿಸುತ್ತದೆ. ಲಿಪಿಯ ಸಂಕೇತೀಕರಣ, ಭಾಷಾ ಸೂಚನೆ, ಅಂಕಿತನಾಮಗಳ ಉಚ್ಚಾರಣೆ ಮತ್ತು ಓದಿನ ಮಟ್ಟ ಎಂಬ ನಾಲ್ಕು ನೆಲೆಗಳಲ್ಲಿ, ಪರೀಕ್ಷೆಯಲ್ಲಿ ತೇರ್ಗಡೆಯಾದ ಪುಟವೂ ಓದುಗರಿಗೆ ದಕ್ಕದೆ ಹೋಗಬಹುದು. ಬೀದರ ಜಿಲ್ಲೆಯ ಬಹುಭಾಷಿಕ ಗಡಿಪ್ರದೇಶದ ನಿದರ್ಶನಗಳ ಮೂಲಕ ಪ್ರಚಲಿತ ಮಾನದಂಡಗಳನ್ನು ಇಲ್ಲಿ ವಿಮರ್ಶಿಸಲಾಗಿದೆ.

ಪ್ರಮುಖ ಪದಗಳು: ಸುಗಮ್ಯತೆ, ತೆರೆವಾಚಕ, ಸಂಕೇತೀಕರಣ, ಸ್ಥಳನಾಮ, ಬೀದರ ಕನ್ನಡ, ಪಠ್ಯ-ಧ್ವನಿ ಪರಿವರ್ತನೆ

1. ಪೀಠಿಕೆ

ಸಾಯಗಾಂವ ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಹೋಬಳಿ ಕೇಂದ್ರ. ಮಹಾರಾಷ್ಟ್ರದ ಗಡಿ ಅಲ್ಲಿಂದ ದೂರವಿಲ್ಲ. ಈ ಹೆಸರನ್ನು ಕನ್ನಡದಲ್ಲಿ ಬರೆದರೆ ನಾಲ್ಕು ಅಕ್ಷರ. ಮರಾಠಿಯ ಉಚ್ಚಾರಣಾ ನಿಯಮದಂತೆ ನುಡಿದರೆ ಎರಡೇ ಉಚ್ಚಾರಾಂಶ: ಯಕಾರದ ಅಂತರ್ಗತ ಸ್ವರವೂ ಕೊನೆಯ ವಕಾರದ ಸ್ವರವೂ ಲೋಪವಾಗುತ್ತವೆ, ನಡುವಿನ ಸೊನ್ನೆ ವ್ಯಂಜನವಾಗದೆ ಹಿಂದಿನ ಸ್ವರವನ್ನು ಅನುನಾಸಿಕಗೊಳಿಸುತ್ತದೆ. ಬರಹದಲ್ಲಿ ಸಾಯಗಾಂವ, ಸಾಯಗಾಂವ್, ಸಾಯಿಗಾಂವ್ ಎಂಬ ರೂಪಗಳಿಗೆಲ್ಲ ಅವಕಾಶವಿದೆ. ಕಣ್ಣಿನಿಂದ ಓದುವವರಿಗೆ ಇದು ತೊಡಕಲ್ಲ. ಊರು ಗೊತ್ತಿದ್ದವರು ಯಾವ ರೂಪವನ್ನು ಕಂಡರೂ ತಮ್ಮ ನಾಲಿಗೆಯ ರೂಪಕ್ಕೆ ಹೊಂದಿಸಿಕೊಳ್ಳುತ್ತಾರೆ.

ಇದೇ ಪುಟವನ್ನು ಒಬ್ಬ ದೃಷ್ಟಿವಿಕಲ ವಿದ್ಯಾರ್ಥಿನಿ ತೆರೆವಾಚಕದ, ಅಂದರೆ ಸ್ಕ್ರೀನ್ ರೀಡರಿನ, ನೆರವಿನಿಂದ ಕೇಳುತ್ತಿದ್ದಾಳೆಂದು ಭಾವಿಸೋಣ. ಕನ್ನಡದ ಅಕ್ಷರ ನಿಯಮವನ್ನಷ್ಟೇ ಬಲ್ಲ ಧ್ವನಿ ಆಕೆಯ ಊರಿನ ಹೆಸರನ್ನು ನಾಲ್ಕು ತುಂಡಾಗಿ, ವಕಾರದ ಹಿಂದೆ ಮಕಾರವೊಂದನ್ನು ಸೇರಿಸಿ ಓದಬೇಕಾಗುತ್ತದೆ. ಅದು ಆಕೆಯ ಊರಿನ ಹೆಸರಾಗಿ ಕೇಳಿಸುವುದಿಲ್ಲ. ಈ ಪುಟವನ್ನು ಸುಗಮ್ಯತೆಯ ಸ್ವಯಂಚಾಲಿತ ಪರೀಕ್ಷೆಗೆ ಒಡ್ಡಿದರೆ ದೋಷವೇನೂ ಕಾಣಿಸದು. ಪರೀಕ್ಷೆಯ ಫಲಿತಾಂಶಕ್ಕೂ ಓದುಗರ ಅನುಭವಕ್ಕೂ ನಡುವಿನ ಈ ಅಂತರವೇ ನಮ್ಮ ಲೇಖನದ ವಸ್ತು. ಇಲ್ಲಿ ನಾವು ಯಾವ ಜಾಲತಾಣಕ್ಕೂ ಅಂಕ ನೀಡುತ್ತಿಲ್ಲ. ಅಂಕ ನೀಡುವ ವಿಧಾನವನ್ನೇ ಪರಿಶೀಲಿಸುತ್ತಿದ್ದೇವೆ.

2. ಪ್ರಚಲಿತ ಮಾನದಂಡಗಳು ಮತ್ತು ಅವುಗಳ ಮಿತಿ

ವಿಕಲಚೇತನರ ಹಕ್ಕುಗಳ ಅಧಿನಿಯಮ 2016 ಇಪ್ಪತ್ತೊಂದು ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಅದರ 42ನೆಯ ಪ್ರಕರಣವು ಶ್ರವ್ಯ, ಮುದ್ರಿತ ಹಾಗೂ ವಿದ್ಯುನ್ಮಾನ ಮಾಧ್ಯಮಗಳ ವಿಷಯವು ಸುಗಮ್ಯ ರೂಪದಲ್ಲಿ ದೊರೆಯುವಂತೆ ಸರ್ಕಾರವು ಕ್ರಮ ಕೈಗೊಳ್ಳಬೇಕೆಂದು ವಿಧಿಸುತ್ತದೆ. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಗಳು ಮೊದಲು 2009ರಲ್ಲಿ ಹೊರಬಂದವು. 2023ರ ಮೂರನೆಯ ಆವೃತ್ತಿಯು ಸುಗಮ್ಯತೆಯ ವಿಷಯದಲ್ಲಿ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯ 2.1ನೆಯ ಆವೃತ್ತಿಯನ್ನು ಆಧಾರವಾಗಿಟ್ಟುಕೊಂಡಿದೆ. ಈ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಎ, ಎಎ, ಎಎಎ ಎಂಬ ಮೂರು ಸ್ತರಗಳಿವೆ. ಆಡಳಿತವು ಗುರಿಯಾಗಿಸಿಕೊಳ್ಳುವುದು ಎರಡನೆಯ ಸ್ತರವನ್ನು.

ಭಾಷೆಗೆ ನೇರವಾಗಿ ಸಂಬಂಧಿಸಿದ ಮಾನದಂಡಗಳು ಯಾವ ಸ್ತರದಲ್ಲಿವೆ ಎಂಬುದನ್ನು ಗಮನಿಸಬೇಕು. ಪುಟದ ಭಾಷೆಯನ್ನು ಸೂಚಿಸಬೇಕೆಂಬ 3.1.1 ಮೊದಲ ಸ್ತರದ್ದು. ಪುಟದೊಳಗಿನ ಅನ್ಯಭಾಷಾ ಭಾಗಗಳನ್ನು ಗುರುತಿಸಬೇಕೆಂಬ 3.1.2 ಎರಡನೆಯದು. ಅಪರಿಚಿತ ಪದಗಳ ಅರ್ಥ, ಸಂಕ್ಷೇಪಗಳ ಪೂರ್ಣರೂಪ, ಓದಿನ ಮಟ್ಟ, ಉಚ್ಚಾರಣೆ – ಈ ನಾಲ್ಕೂ ಮೂರನೆಯ ಸ್ತರದವು. ಇಡೀ ಜಾಲತಾಣಕ್ಕೆ ಮೂರನೆಯ ಸ್ತರವನ್ನು ಸಾರ್ವತ್ರಿಕ ನೀತಿಯಾಗಿ ವಿಧಿಸುವುದನ್ನು ಮಾರ್ಗಸೂಚಿಯ ಕರ್ತೃಗಳೇ ಶಿಫಾರಸು ಮಾಡುವುದಿಲ್ಲ. ಹೀಗೆ ಅರ್ಥ, ಉಚ್ಚಾರಣೆ, ಓದಿನ ಹೊರೆ ಇವು ಪರಿಶೀಲನೆಯ ಹೊಸ್ತಿಲ ಆಚೆಯೇ ಉಳಿಯುತ್ತವೆ. ಅಕ್ಷರಕ್ಕೂ ಹಿನ್ನೆಲೆಗೂ 4.5:1ರ ವರ್ಣವ್ಯತ್ಯಾಸ ಇದೆಯೇ ಎಂಬುದನ್ನು ಯಂತ್ರ ಕ್ಷಣದಲ್ಲಿ ಲೆಕ್ಕಹಾಕುತ್ತದೆ. ಆ ಅಕ್ಷರ ಕನ್ನಡವೇ ಎಂಬುದನ್ನು ಅದು ಕೇಳುವುದಿಲ್ಲ.

3. ಸಂಕೇತೀಕರಣ: ಸೊನ್ನೆ ಮತ್ತು ಒಂಬತ್ತು

ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ಆದರೆ ನಮ್ಮ ಬರಹಗಾರರೂ ಮುದ್ರಕರೂ ದೀರ್ಘಕಾಲ ಬಳಸಿದ್ದು ಲ್ಯಾಟಿನ್ ಸಂಕೇತಗಳ ಮೇಲೆ ಕನ್ನಡದ ಆಕೃತಿಗಳನ್ನು ಹೊದಿಸಿದ ಅಕ್ಷರಶೈಲಿಗಳನ್ನು. ಬರಹ, ನುಡಿ ಮುಂತಾದ ತಂತ್ರಾಂಶಗಳು ಗಣಕದಲ್ಲಿ ಕನ್ನಡ ನೆಲೆಗೊಳ್ಳಲು ಮಾಡಿದ ಉಪಕಾರವನ್ನು ಮರೆಯಲಾಗದು. ಆದರೂ ಆ ಪದ್ಧತಿಯಲ್ಲಿ ಸಿದ್ಧವಾದ ಪಠ್ಯವು ಯಂತ್ರದ ದೃಷ್ಟಿಯಲ್ಲಿ ಕನ್ನಡವಲ್ಲ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ 'ಕನ್ನಡ' ಎಂಬ ಪದದ ಒಡಲಲ್ಲಿರುವುದು ಇಂಗ್ಲಿಷಿನ ದೊಡ್ಡ 'ಪಿ', ತಲೆಯ ಮೇಲೆ ಗೀಟು ಹೊತ್ತ 'ಎ', ಪೌಂಡ್ ಹಣದ ಚಿಹ್ನೆ, ಜರ್ಮನ್ ಭಾಷೆಯ ಜೋಡಿ ಸಕಾರ, ಸಣ್ಣ 'ಕ್ಯೂ' ಇತ್ಯಾದಿ. ತೆರೆವಾಚಕವು ಓದುವುದು ಇದನ್ನೇ. ಮಾನವ ಭಾಷೆಯೊಂದನ್ನು ಅಭಿವ್ಯಕ್ತಿಸುವ, ಯಂತ್ರವು ಗುರುತಿಸಬಲ್ಲ ಸಂಕೇತಗಳ ಸರಣಿಗೆ ಮಾತ್ರ ಡಬ್ಲ್ಯುಸಿಎಜಿ 'ಪಠ್ಯ' ಎಂಬ ಹೆಸರು ಕೊಡುತ್ತದೆ. ಈ ವ್ಯಾಖ್ಯಾನದ ಪ್ರಕಾರ ಹಳೆಯ ಅಕ್ಷರಶೈಲಿಯ ಕಡತವು ಪಠ್ಯವೇ ಅಲ್ಲ, ಬರೀ ಚಿತ್ರ. ಆದರೆ ಸ್ವಯಂಚಾಲಿತ ಪರೀಕ್ಷಕವು ಸಂಕೇತಗಳಿರುವುದನ್ನು ಕಂಡು 'ಪಠ್ಯವಿದೆ' ಎಂದೇ ದಾಖಲಿಸುತ್ತದೆ.

ಯೂನಿಕೋಡಿಗೆ ಬಂದ ಮೇಲೆ ಈ ತೊಡಕು ಪೂರ್ತಿ ನಿವಾರಣೆಯಾಯಿತೆಂದು ಭಾವಿಸಬಾರದು. ಅನುಸ್ವಾರದ ಬದಲು ಕನ್ನಡದ ಸೊನ್ನೆ ಅಂಕಿಯನ್ನೂ, ಅರ್ಕಾವತ್ತಿನ ಬದಲು ಕನ್ನಡದ ಒಂಬತ್ತು ಅಂಕಿಯನ್ನೂ ಒತ್ತುವ ಅಭ್ಯಾಸ ವ್ಯಾಪಕವಾಗಿದೆ. 'ಸಂಘ' ಮತ್ತು 'ಸ೦ಘ', 'ಕರ್ನಾಟಕ' ಮತ್ತು 'ಕನಾ೯ಟಕ' – ಈ ಜೋಡಿಗಳಲ್ಲಿ ಕಣ್ಣು ಭೇದ ಕಾಣುವುದು ಕಷ್ಟ. ಕಿವಿಗೆ ಮಾತ್ರ ಎರಡನೆಯ ರೂಪಗಳಲ್ಲಿ ಪದ ಒಡೆದು ನಡುವೆ ಸಂಖ್ಯೆಯೊಂದು ಕೇಳಿಸುತ್ತದೆ. ಬ್ರೈಲ್ ಫಲಕದಲ್ಲಿ ಪದದ ನಟ್ಟನಡುವೆ ಅಂಕಸೂಚಕ ಚಿಹ್ನೆ ಮೂಡುತ್ತದೆ. ಹುಡುಕು ಪೆಟ್ಟಿಗೆಯಲ್ಲಿ 'ಸಾಯಗಾಂವ' ಎಂದು ಸರಿಯಾಗಿ ಬರೆದವರಿಗೆ 'ಸಾಯಗಾ೦ವ' ಎಂಬ ನಮೂದು ಸಿಗುವುದಿಲ್ಲ.

ಕಲಿಕೆಯ ದೃಷ್ಟಿಯಿಂದ ಇಲ್ಲೊಂದು ಸೂಕ್ಷ್ಮವಿದೆ. ಶಾಲೆಯ ಮಾತಿನಲ್ಲಿ ಅನುಸ್ವಾರವನ್ನೂ 'ಸೊನ್ನೆ' ಎಂದೇ ಕರೆಯುತ್ತೇವೆ. ತಪ್ಪು ಪದವನ್ನು ಅನುಮಾನಿಸಿದ ವಿದ್ಯಾರ್ಥಿನಿ ಅದನ್ನು ಅಕ್ಷರ ಅಕ್ಷರವಾಗಿ ಕೇಳಿದರೆ 'ಸೊನ್ನೆ' ಎಂದೇ ಕಿವಿಗೆ ಬೀಳಬಹುದು. ಕಾಗುಣಿತ ಸರಿಯಾಗಿದೆಯೆಂದೇ ಆಕೆ ತಿಳಿಯುತ್ತಾಳೆ. ಪದವಾಗಿ ಒಡೆದದ್ದು ಅಕ್ಷರವಾಗಿ ಕೂಡಿಕೊಂಡಂತೆ ತೋರುತ್ತದೆ. ದೋಷವನ್ನು ಪತ್ತೆಹಚ್ಚಲು ಇರುವ ಒಂದೇ ಉಪಾಯವೂ ಹೀಗೆ ದೋಷವನ್ನು ಮುಚ್ಚುವ ಸಾಧನವಾಗುತ್ತದೆ.

ಪಿಡಿಎಫ್ ಕಡತಗಳಲ್ಲಿ ಈ ಸಮಸ್ಯೆ ಇನ್ನಷ್ಟು ಬಿಗಿಯಾಗಿದೆ. ಉಚ್ಚಾರಣೆಯಲ್ಲಿ ಮೊದಲು ಬರುವ ರೇಫವನ್ನು ಕನ್ನಡ ಲಿಪಿ ವ್ಯಂಜನದ ಬಲಕ್ಕೆ ಬರೆಯುತ್ತದೆ. ಕಡತದಲ್ಲಿ ಆಕೃತಿಗಳ ಜೊತೆಗೆ ಅವುಗಳ ಮೂಲ ಸಂಕೇತಕ್ರಮವನ್ನು ಉಳಿಸದಿದ್ದರೆ, ಪಠ್ಯವನ್ನು ಹೊರತೆಗೆಯುವ ತಂತ್ರಾಂಶಕ್ಕೆ ದೊರೆಯುವುದು ದೃಶ್ಯಕ್ರಮವೇ ಹೊರತು ನುಡಿಕ್ರಮವಲ್ಲ. 'ಧರ್ಮ', 'ವರ್ಗ', 'ಅರ್ಥ' ಮೊದಲಾದ ನಿತ್ಯದ ಪದಗಳೇ ಆಗ ಕೆಡುತ್ತವೆ. ಪಠ್ಯಪುಸ್ತಕ, ಪ್ರಶ್ನೆಪತ್ರಿಕೆ, ಸುತ್ತೋಲೆಗಳು ಈ ರೂಪದಲ್ಲಿಯೇ ಹರಿದಾಡುವುದರಿಂದ ಶಿಕ್ಷಣ ಕ್ಷೇತ್ರಕ್ಕೆ ತಟ್ಟುವ ಹಾನಿ ಹೆಚ್ಚು.

4. ಭಾಷಾ ಸೂಚನೆ: ಹೊರಗಿನ ಫಲಕ, ಒಳಗಿನ ನುಡಿ

ನಿಜಾಮರ ಆಳ್ವಿಕೆಯ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಈ ಭಾಗದ ಜನ ಇಂದಿಗೂ ನೆನೆಯುತ್ತಾರೆ. ಅಲ್ಲಿ ಫಲಕಕ್ಕೂ ಒಳಗಿನ ನುಡಿಗೂ ಇದ್ದ ವ್ಯತ್ಯಾಸವು ಕನ್ನಡವನ್ನು ಉಳಿಸುವ ಜಾಣ್ಮೆಯಾಗಿತ್ತು. ಇಂದಿನ ಕನ್ನಡ ಜಾಲಪುಟಗಳಲ್ಲಿ ಅಂಥದೇ ವ್ಯತ್ಯಾಸ ಅನವಧಾನದಿಂದ ನುಸುಳುತ್ತದೆ, ಫಲವೂ ವಿರುದ್ಧವಾಗಿರುತ್ತದೆ. ಸಿದ್ಧ ಮಾದರಿಯಿಂದ ಕಟ್ಟಿದ ಪುಟದ ಶಿರೋಭಾಗದಲ್ಲಿ ಭಾಷೆ ಇಂಗ್ಲಿಷ್ ಎಂದು ಘೋಷಿತವಾಗಿರುತ್ತದೆ, ಒಳಗಿನ ಪಠ್ಯವನ್ನಷ್ಟೇ ಕನ್ನಡಕ್ಕೆ ಬದಲಿಸಲಾಗಿರುತ್ತದೆ. ಆ ಘೋಷಣೆಯನ್ನು ನಂಬುವ ತೆರೆವಾಚಕವು ಇಂಗ್ಲಿಷ್ ಧ್ವನಿಯನ್ನು ಎತ್ತಿಕೊಳ್ಳುತ್ತದೆ. ಆ ಧ್ವನಿಗೆ ಕನ್ನಡ ಲಿಪಿ ತಿಳಿಯದಿದ್ದರೆ ಮೌನವೋ ಸಂಕೇತಗಳ ಪಟ್ಟಿಯೋ ಕೇಳುಗರ ಪಾಲಾಗುತ್ತದೆ.

3.1.1ನೆಯ ಮಾನದಂಡಕ್ಕೆ ಸಂಬಂಧಿಸಿ ಪರೀಕ್ಷಕಗಳು ಸಾಮಾನ್ಯವಾಗಿ ನೋಡುವುದು ಘೋಷಣೆ ಇದೆಯೇ, ಅದರ ಸಂಕೇತ ಕ್ರಮಬದ್ಧವೇ ಎಂಬುದನ್ನು ಮಾತ್ರ. ಘೋಷಣೆ ನಿಜವೇ ಎಂಬ ಪ್ರಶ್ನೆ ಮನುಷ್ಯ ಪರಿಶೀಲಕರಿಗೆ ಬಿಟ್ಟದ್ದು. ಆದರೆ ಕನ್ನಡದಂಥ ಸ್ವತಂತ್ರ ಲಿಪಿಯ ಭಾಷೆಯಲ್ಲಿ ಇದನ್ನು ಯಂತ್ರಕ್ಕೂ ಒಪ್ಪಿಸಬಹುದು: ಪುಟದ ಹೆಚ್ಚಿನ ಅಕ್ಷರಗಳು ಕನ್ನಡ ವಲಯದವಾಗಿದ್ದು ಘೋಷಣೆ ಇಂಗ್ಲಿಷಿನದಾಗಿದ್ದರೆ ಅದು ದೋಷ. ಇಷ್ಟು ಸರಳವಾದ ನಿಯಮ ಪರೀಕ್ಷಕಗಳಲ್ಲಿ ಸಹಜವಾಗಿ ಸೇರದಿರುವುದಕ್ಕೆ ಕಾರಣ ತಾಂತ್ರಿಕವಲ್ಲ. ಲ್ಯಾಟಿನ್ ಲಿಪಿಯನ್ನು ಹಂಚಿಕೊಂಡ ಭಾಷೆಗಳ ಅನುಭವದಿಂದ ಮಾನದಂಡ ರೂಪುಗೊಂಡಾಗ ಲಿಪಿಯೇ ಸಾಕ್ಷ್ಯವಾಗಬಲ್ಲದೆಂಬುದು ಹೊಳೆಯುವುದಿಲ್ಲ.

ಚಿತ್ರಗಳಿಗೆ ನೀಡುವ ಬದಲಿ ಪಠ್ಯದ ಸ್ಥಿತಿಯೂ ಹೀಗೆಯೇ. ಕನ್ನಡ ವಿಜ್ಞಾನ ಪಾಠದ ಚಿತ್ರಕ್ಕೆ ಇಂಗ್ಲಿಷ್ ವಿವರಣೆ ಇದ್ದರೂ ಪರೀಕ್ಷೆಯಲ್ಲಿ ಅದು 'ವಿವರಣೆ ಇದೆ' ಎಂದೇ ಎಣಿಕೆಯಾಗುತ್ತದೆ. ಇದಲ್ಲದೆ, ಬದಲಿ ಪಠ್ಯದ ಒಳಗೆ ಭಾಷೆ ಬದಲಾದುದನ್ನು ಸೂಚಿಸುವ ವ್ಯವಸ್ಥೆಯೇ ಪುಟರಚನೆಯ ಭಾಷೆಯಲ್ಲಿಲ್ಲ. ಇಡೀ ವಿವರಣೆಯು ಆ ಚಿತ್ರಕ್ಕೆ ಅನ್ವಯಿಸುವ ಒಂದೇ ಭಾಷೆಯದೆಂದು ಪರಿಗಣಿತವಾಗುತ್ತದೆ. ಪಾರಿಭಾಷಿಕ ಪದಗಳನ್ನು ಕನ್ನಡ ವಾಕ್ಯದ ನಡುವೆ ಲ್ಯಾಟಿನ್ ಲಿಪಿಯಲ್ಲಿಯೇ ಇಡುವ ನಮ್ಮ ಪಾಠಗಳಿಗೆ ಇದು ಸಣ್ಣ ಸಂಗತಿಯಲ್ಲ.

5. ಗಡಿಯ ಹೆಸರುಗಳು ಮತ್ತು ಒಂದು ವಿನಾಯಿತಿ

3.1.2ನೆಯ ಮಾನದಂಡವು ಅಂಕಿತನಾಮಗಳಿಗೆ, ಪಾರಿಭಾಷಿಕ ಪದಗಳಿಗೆ, ಯಾವ ಭಾಷೆಯದೆಂದು ಹೇಳಲಾಗದ ಪದಗಳಿಗೆ, ಸುತ್ತಲಿನ ಪಠ್ಯದ ಬಳಕೆಯಲ್ಲಿ ಬೆರೆತುಹೋದ ಪದಗಳಿಗೆ ವಿನಾಯಿತಿ ನೀಡುತ್ತದೆ. ಬಹುತೇಕ ಏಕಭಾಷಿಕವಾದ ಸಮಾಜದಲ್ಲಿ ಈ ವಿನಾಯಿತಿ ವಿವೇಕದ್ದೇ. ಕನ್ನಡ, ಮರಾಠಿ, ಉರ್ದು, ತೆಲುಗು, ದಖನಿಗಳು ಒಂದೇ ಬೀದಿಯಲ್ಲಿ ಕೂಡುವ ಬೀದರ ಜಿಲ್ಲೆಯಲ್ಲಿ ವಿನಾಯಿತಿಯೇ ನಿಯಮವಾಗಿಬಿಡುತ್ತದೆ. ಊರು, ವ್ಯಕ್ತಿ, ಕಂದಾಯ ಹಾಗೂ ಕೃಷಿಗೆ ಸಂಬಂಧಿಸಿದ ಪದಸಂಪತ್ತಿನ ದೊಡ್ಡ ಭಾಗ ಈ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರುತ್ತದೆ. ಹೀಗಾಗಿ ಪರಿಶೀಲನೆಗೆ ಅತ್ಯಗತ್ಯವಾದ ಭಾಗವೇ ಪರಿಶೀಲನೆಯಿಂದ ಹೊರಗುಳಿಯುತ್ತದೆ.

ಸಾಯಗಾಂವ ಎಂಬ ಹೆಸರಿಗೆ ಸಪ್ತಮಿ ವಿಭಕ್ತಿ ಹಚ್ಚಿದರೆ ಸಮಸ್ಯೆ ಧ್ವನಿಯಿಂದ ವ್ಯಾಕರಣಕ್ಕೆ ದಾಟುತ್ತದೆ. 'ಮರದಲ್ಲಿ' ಎಂಬಂತೆ ಅಕಾರಾಂತವೆಂದು ಎಣಿಸಿದವರು 'ಸಾಯಗಾಂವದಲ್ಲಿ' ಎಂದು ಬರೆಯುತ್ತಾರೆ. ವ್ಯಂಜನಾಂತವಾಗಿ ನುಡಿಯುವವರು 'ಸಾಯಗಾಂವ್‌ನಲ್ಲಿ' ಎಂದು ಬರೆಯುತ್ತಾರೆ. 'ಬೀದರ', 'ಬೀದರ್' ರೂಪಗಳ ಹಿಂದಿರುವುದೂ ಇದೇ ದ್ವಂದ್ವ. ಪ್ರತ್ಯಯದ ಆಯ್ಕೆಯಿಂದ ಬರೆದವರ ಉಚ್ಚಾರಣೆಯನ್ನು ಊಹಿಸಬಹುದು; ಆದರೆ ವಿಭಕ್ತಿ ಹತ್ತದ ರೂಪ ಎದುರಾದಾಗ ಧ್ವನಿ ತಂತ್ರಾಂಶಕ್ಕೆ ಆ ಸುಳಿವೂ ಇಲ್ಲ. ಉಚ್ಚಾರಣೆಯನ್ನು ಪ್ರತ್ಯೇಕವಾಗಿ ದಾಖಲಿಸಬೇಕೆಂಬ ಬೇಡಿಕೆ ಹೀಗೆ ಭಾಷಾರಚನೆಯಿಂದಲೇ ಹುಟ್ಟುತ್ತದೆ.

ಸಂಕ್ಷೇಪಗಳದೂ ಇದೇ ಕಥೆ. 'ಸಾ|| ಸಾಯಗಾಂವ, ತಾ|| ಭಾಲ್ಕಿ, ಜಿ|| ಬೀದರ' ಎಂಬ ವಿಳಾಸವನ್ನು ಈ ಭಾಗದ ಯಾರೂ ತಡವರಿಸದೆ ಓದುತ್ತಾರೆ. 'ಸಾ' ಎಂದರೆ ಸಾಕಿನ್, ವಾಸಸ್ಥಳ. ಅದನ್ನೇ ಯಂತ್ರ ಓದಿದರೆ ಒಂಟಿ ಅಕ್ಷರಗಳ ನಡುವೆ ಲಂಬ ಗೆರೆಗಳ ಹೆಸರು ಕೇಳಿಸಬಹುದು, ಇಲ್ಲವೇ ಅರ್ಥಸೂಚನೆಯಿಲ್ಲದ ಮೌನ. ವಿದ್ಯಾರ್ಥಿವೇತನದ ಅರ್ಜಿಯೂ ಪ್ರವೇಶಪತ್ರವೂ ಇದೇ ಪದ್ಧತಿಯಲ್ಲಿರುವಾಗ, ಸಂಕ್ಷೇಪಗಳ ಮಾನದಂಡವು ಮೂರನೆಯ ಸ್ತರದಲ್ಲಿ ಕುಳಿತಿರುವುದು ಕೇವಲ ಶಾಸ್ತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳನ್ನು ಪರಿಗಣಿಸಬೇಕು. ಉಚ್ಚಾರಣೆಯ ದೋಷ ಧ್ವನಿ ತಂತ್ರಾಂಶದ್ದು, ಜಾಲತಾಣದ್ದಲ್ಲ ಎಂಬುದು ಮೊದಲನೆಯದು. ಇದು ಭಾಗಶಃ ನಿಜ. ಆದರೆ ಸಂಕೇತೀಕರಣ, ಭಾಷಾ ಸೂಚನೆ, ಸಂಕ್ಷೇಪ ಇವು ಪುಟ ಬರೆದವರ ಕೈಯಲ್ಲಿಯೇ ಇವೆ. ಉಳಿದದ್ದನ್ನು ತಂತ್ರಾಂಶ ರಚಿಸುವವರಿಗೆ ತಿಳಿಸಬೇಕಾದರೂ ಪರಿಶೀಲನೆಯಲ್ಲಿ ಅದು ದಾಖಲಾಗಬೇಕಲ್ಲವೇ? ರೂಢಿಯಾದ ಕೇಳುಗರು ಯಂತ್ರದ ತಪ್ಪು ಉಚ್ಚಾರಣೆಯನ್ನು ತಾವೇ ತಿದ್ದಿಕೊಳ್ಳುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಸುದ್ದಿ ಓದುವವರ ಮಟ್ಟಿಗೆ ಇದು ಒಪ್ಪತಕ್ಕದ್ದೇ. ತಿದ್ದಿಕೊಳ್ಳಬೇಕಾದರೆ ಸರಿಯಾದ ರೂಪ ಮೊದಲೇ ಗೊತ್ತಿರಬೇಕು. ವಿದ್ಯಾರ್ಥಿಗೆ ಪದವು ಮೊದಲ ಸಲ ಎದುರಾಗುವುದೇ ಪಾಠದ ಪುಟದಲ್ಲಿ. ಅಲ್ಲಿ ಕೇಳಿದ್ದೇ ಆಕೆ ಕಲಿಯುವ ರೂಪ, ನಾಳೆ ಪರೀಕ್ಷೆಯಲ್ಲಿ ಲಿಪಿಕಾರರಿಗೆ ಹೇಳಿ ಬರೆಸುವ ರೂಪವೂ ಅದೇ. ಶೈಕ್ಷಣಿಕ ಜಾಲತಾಣವನ್ನು ಇತರ ಜಾಲತಾಣಗಳ ಅಳತೆಗೋಲಿನಿಂದ ಅಳೆಯಬಾರದೆಂದು ನಾವು ಹೇಳುವುದು ಈ ಕಾರಣಕ್ಕೆ.

6. ಓದಿನ ಮಟ್ಟ

ಓದಿನ ಮಟ್ಟದ ಮಾನದಂಡವು, ಅಂಕಿತನಾಮ ಮತ್ತು ಶೀರ್ಷಿಕೆಗಳನ್ನು ಬಿಟ್ಟು, ಕೆಳ ಪ್ರೌಢಶಾಲೆಯ ಮಟ್ಟಕ್ಕಿಂತ ಕಠಿಣವಾದ ಪಠ್ಯಕ್ಕೆ ಪೂರಕ ವಿವರಣೆಯನ್ನೋ ಸರಳ ಆವೃತ್ತಿಯನ್ನೋ ಬಯಸುತ್ತದೆ. ನಿರ್ದಿಷ್ಟ ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ ಇದು ಬಹುಮುಖ್ಯ. ಆದರೆ ಕನ್ನಡದಲ್ಲಿ ಆ ಮಟ್ಟವನ್ನು ಅಳೆಯುವುದು ಹೇಗೆ? ಫ್ಲೆಷ್ ಅವರ 1948ರ ಸೂತ್ರದಂಥವು ವಾಕ್ಯಕ್ಕೆ ಎಷ್ಟು ಪದ, ಪದಕ್ಕೆ ಎಷ್ಟು ಉಚ್ಚಾರಾಂಶ ಎಂಬ ಲೆಕ್ಕದ ಮೇಲೆ ನಿಂತಿವೆ. 'ಹೋಗಬೇಕಾಗಿದ್ದುದರಿಂದ' ಎಂಬುದು ಕನ್ನಡದಲ್ಲಿ ಒಂದು ಪದ. ಒಂಬತ್ತು ಉಚ್ಚಾರಾಂಶಗಳಿದ್ದರೂ ಯಾವ ಮಗುವಿಗೂ ಅದು ಹೊಸದಲ್ಲ. 'ಋಣ' ಎರಡೇ ಉಚ್ಚಾರಾಂಶ. ಕಾಗುಣಿತವೂ ಅರ್ಥವೂ ಅದಕ್ಕಿಂತ ಕಠಿಣ. ಅಂಟುಭಾಷೆಯಲ್ಲಿ ಉದ್ದವು ಕಾಠಿಣ್ಯದ ಅಳತೆಯಲ್ಲ. ಸಂಧಿ, ಒತ್ತಕ್ಷರಗಳ ಸಾಂದ್ರತೆ, ಸಂಸ್ಕೃತ ಸಮಾಸಗಳ ಪ್ರಮಾಣ, ಕೃದಂತಗಳ ಸರಪಳಿ ಇವೇ ಹೆಚ್ಚು ಸೂಚಕವಾದಾವು. ಇದನ್ನು ಪ್ರಯೋಗದಿಂದ ಸ್ಥಾಪಿಸುವುದು ಭಾಷಾವಿಜ್ಞಾನದ ಕೆಲಸ. ಜಾಲತಾಣ ನಿರ್ಮಿಸುವವರು ಮಾಡಿಕೊಡಲಾರರು.

ಕಿವುಡ ವಿದ್ಯಾರ್ಥಿಗಳ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ದೃಶ್ಯಪಾಠಕ್ಕೆ ಕನ್ನಡ ಶೀರ್ಷಿಕೆಗಳಿದ್ದರೆ ಸುಗಮ್ಯತೆ ಸಾಧಿತವಾಯಿತೆಂದು ಪರಿಶೀಲನೆ ಭಾವಿಸುತ್ತದೆ. ಸನ್ನೆಭಾಷೆಯನ್ನು ಮೊದಲ ಭಾಷೆಯಾಗಿ ಪಡೆದವರಿಗೆ ಲಿಖಿತ ಕನ್ನಡ ಎರಡನೆಯ ಭಾಷೆ. ವಿಭಕ್ತಿ, ಕ್ರಿಯಾರೂಪಗಳ ಭಾರ ಅಲ್ಲಿಯೂ ಎಣಿಕೆಗೆ ಬರಬೇಕು.

7. ನಮ್ಮ ಶಿಸ್ತಿನ ಹೊಣೆ

ಇತರರ ಪುಟಗಳಲ್ಲಿ ದೋಷ ಹುಡುಕುವ ಮುನ್ನ ಭಾಷಾವಿಜ್ಞಾನದ ಪ್ರಕಟಣೆಗಳನ್ನೇ ನೋಡಿಕೊಳ್ಳಬೇಕು. ಅಂತರರಾಷ್ಟ್ರೀಯ ಧ್ವನಿಲಿಪಿಯ ಎಷ್ಟೋ ಚಿಹ್ನೆಗಳನ್ನು ತೆರೆವಾಚಕಗಳು ಬಿಟ್ಟು ಮುಂದೆ ಸಾಗುತ್ತವೆ. ಪದ, ಪದಾಂಶ, ಅರ್ಥಗಳನ್ನು ಮೂರು ಸಾಲುಗಳಲ್ಲಿ ಖಾಲಿ ಜಾಗದಿಂದ ಹೊಂದಿಸುವ ನಮ್ಮ ಉದಾಹರಣೆಗಳಲ್ಲಿ ಯಾವ ಪದಾಂಶಕ್ಕೆ ಯಾವ ಅರ್ಥವೆಂಬುದು ಕಣ್ಣಿಗಷ್ಟೇ ತಿಳಿಯುತ್ತದೆ. ಕಿವಿಗೆ ಮೂರು ಸಾಲು ಒಂದರ ಹಿಂದೊಂದು ಸಂಬಂಧವಿಲ್ಲದೆ ಬರುತ್ತವೆ. ದ್ವಿಭಾಷಾ ಪತ್ರಿಕೆಗಳಲ್ಲಿ ಎರಡು ಭಾಷೆಗಳ ಸಾರಾಂಶಗಳಿಗೆ ಪ್ರತ್ಯೇಕ ಭಾಷಾ ಸೂಚನೆ ಇರುವುದೂ ಖಚಿತವಲ್ಲ. ಭಾಷೆಯ ಬಗ್ಗೆ ಬರೆದ ಲೇಖನವೇ ಭಾಷೆಯಾಗಿ ಕೇಳಿಸದಿದ್ದರೆ ದೃಷ್ಟಿವಿಕಲ ಸಂಶೋಧಕರೊಬ್ಬರು ಈ ಶಿಸ್ತಿಗೆ ಬರುವ ದಾರಿಯನ್ನು ನಾವೇ ಕಿರಿದುಗೊಳಿಸಿದಂತೆ.

ಈ ಹಿನ್ನೆಲೆಯಲ್ಲಿ ಕನ್ನಡ ಶೈಕ್ಷಣಿಕ ಪುಟಗಳ ಪರಿಶೀಲನೆಗೆ ನಾಲ್ಕು ಅಂಶಗಳನ್ನು ಸೇರಿಸಬೇಕೆಂದು ನಾವು ಸೂಚಿಸುತ್ತೇವೆ. ಮೊದಲನೆಯದು, ಪದದೊಳಗಿನ ಅಂಕಿಗಳ ಶೋಧ. '೧೨ನೆಯ' ಎಂಬಂತೆ ಅಂಕಿಯ ಬಳಿಕ ಅಕ್ಷರ ಬರುವುದು ಕನ್ನಡಕ್ಕೆ ಸಹಜ. ಅಕ್ಷರದ ಬೆನ್ನಿಗೇ ಕನ್ನಡದ ಸೊನ್ನೆಯೋ ಒಂಬತ್ತೋ ಬರುವುದು ಬಹುಮಟ್ಟಿಗೆ ದೋಷ. ಒಂದು ಸಾಲಿನ ಸೂತ್ರ ಇದನ್ನು ಹಿಡಿಯುತ್ತದೆ. ಎರಡನೆಯದು, ಘೋಷಿತ ಭಾಷೆಗೂ ಬಳಸಿದ ಲಿಪಿಗೂ ನಡುವಣ ತಾಳೆ. ಮೂರನೆಯದು, ಸ್ಥಳನಾಮಗಳ ಉಚ್ಚಾರಣಾ ಕೋಶ. ಇಂಥ ಕೋಶವನ್ನು ಧ್ವನಿ ತಂತ್ರಾಂಶಗಳಿಗೆ ಒದಗಿಸುವ ಅಂತರರಾಷ್ಟ್ರೀಯ ವಿನ್ಯಾಸವು 2008ರಿಂದಲೇ ಇದೆ. ಅದನ್ನು ತುಂಬುವ ಕ್ಷೇತ್ರಕಾರ್ಯ ನಮ್ಮ ಸಂಶೋಧನಾರ್ಥಿಗಳಿಗೆ ಅಪರಿಚಿತವಲ್ಲ. ಸ್ಥಳನಾಮ ಅಧ್ಯಯನದಲ್ಲಿ ವ್ಯುತ್ಪತ್ತಿಗೆ ಕೊಟ್ಟಷ್ಟೇ ಗಮನವನ್ನು ಸ್ಥಳೀಯ ಉಚ್ಚಾರಣೆಗೂ ಕೊಟ್ಟರೆ ಸಾಕು. ನಾಲ್ಕನೆಯದು, ಆಯಾ ಪ್ರದೇಶದ ವಿಕಲಚೇತನ ಓದುಗರ ಪಾಲ್ಗೊಳ್ಳುವಿಕೆ. ಔರಾದಿನ ಕೇಳುಗರಿಗೆ ಅರ್ಥವಾಗುವುದೋ ಇಲ್ಲವೋ ಎಂಬುದನ್ನು ಬೆಂಗಳೂರಿನ ಕಣ್ಣುಳ್ಳ ಪರಿಶೀಲಕರು ನಿರ್ಧರಿಸಲಾಗದು.

8. ಸಮಾರೋಪ

2011ರ ಜನಗಣತಿಯು ದೇಶದಲ್ಲಿ ಸುಮಾರು 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ವಿಕಲಚೇತನರನ್ನು ದಾಖಲಿಸಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಗಮ್ಯತೆಯನ್ನು ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸುವ ನಿಯಮ 15(1) ಮೂಲ ಅಧಿನಿಯಮಕ್ಕೆ ವಿರುದ್ಧವೆಂದು ಸಾರಿ, ಕಡ್ಡಾಯ ನಿಯಮಗಳನ್ನು ಬೇರ್ಪಡಿಸಿ ರೂಪಿಸುವಂತೆ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. 2025ರ ಏಪ್ರಿಲ್ 30ರ ಮತ್ತೊಂದು ತೀರ್ಪು ಡಿಜಿಟಲ್ ಸೌಲಭ್ಯವನ್ನು ಸಂವಿಧಾನದ 21ನೆಯ ಅನುಚ್ಛೇದದ ಜೀವಿಸುವ ಹಕ್ಕಿನೊಂದಿಗೆ ಜೋಡಿಸಿತು. ಯಾವುದು ಕಡ್ಡಾಯ, ಯಾವುದು ಐಚ್ಛಿಕ ಎಂಬ ವಿಂಗಡಣೆಯೇ ಇನ್ನು ಮುಂದೆ ನಿರ್ಣಾಯಕ. ಭಾಷೆಯ ಅಂಶಗಳು ಐಚ್ಛಿಕದ ಪಾಲಿಗೆ ಹೋದರೆ ಕನ್ನಡ ಪುಟಗಳು ಕಾನೂನಿನ ಪ್ರಕಾರ ಸುಗಮ್ಯವಾಗಿದ್ದೂ ಕಿವಿಗೆ ಅಗಮ್ಯವಾಗಿಯೇ ಉಳಿಯುತ್ತವೆ.

ಈ ವಿಂಗಡಣೆಯಲ್ಲಿ ಭಾಷಾವಿಜ್ಞಾನಿಗಳ ಮಾತು ಸೇರಬೇಕಾದರೆ ನಾವು ಅಭಿಪ್ರಾಯಗಳಿಗಿಂತ ಸಾಮಗ್ರಿಯನ್ನು ಮುಂದಿಡಬೇಕು: ದೋಷಗಳ ವರ್ಗೀಕರಣ, ಉಚ್ಚಾರಣಾ ಕೋಶ, ಓದಿನ ಮಟ್ಟದ ಕನ್ನಡದ್ದೇ ಆದ ಅಳತೆ. ಸಾಯಗಾಂವದ ವಿದ್ಯಾರ್ಥಿನಿ ತನ್ನ ಪಾಠದಲ್ಲಿ ತನ್ನ ಊರಿನ ಹೆಸರನ್ನು ತನ್ನ ಮನೆಯವರು ನುಡಿಯುವಂತೆಯೇ ಕೇಳಿದಾಗ ಮಾತ್ರ ಆ ಪುಟ ಪರಿಶೀಲನೆಯಲ್ಲಿ ತೇರ್ಗಡೆಯಾಯಿತೆಂದು ನಾವು ಒಪ್ಪಬೇಕು.